ತಳ್ಳಿಕೊಂಡು ತಂದ ಬೈಸಿಕಲ್ಲು

ಮಲೆನಾಡಿನಲ್ಲಿ ಬೈಸಿಕಲ್ಲೆಂಬುದು ಏರಿ ಹೋಗುವ ವಾಹನವೋ ತಳ್ಳಿಕೊಂಡು ಹೋಗುವ ವಾಹನವೋ ಎಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾದಂತಿಲ್ಲ. ಬಯಲುಸೀಮೆಯ ರೈತನು ಹಿಂದಿನ ಕ್ಯಾರಿಯರಿನ ಮೇಲೆ ಮೇವಿನ ಹೊರೆಯನ್ನೂ ಮುಂದಿನ ಬಾರಿನ ಮೇಲೆ ಮಗನನ್ನೂ ಕೂಡಿಸಿಕೊಂಡು ಎರಡು ಹರದಾರಿ ದಾರಿಯನ್ನು ಹಾಡುತ್ತ ತುಳಿದುಬಿಡುತ್ತಾನೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಡೆಯ ಸಂಗತಿ ಬೇರೆ. ಅಲ್ಲಿ ಮನೆಯ ಮುಂದಿನ ಉಣಗೋಲು ದಾಟಿದರೆ ಇಳಿಜಾರು. ಹಳ್ಳದ ಸಂಕ ದಾಟಿದರೆ ಏರು. ಇಳಿಯುವಾಗ ಬ್ರೇಕು ಹಿಡಿದು ಕೈ ಸೋಲುತ್ತದೆ, ಏರುವಾಗ ತಳ್ಳಿ ಎದೆ ಸೋಲುತ್ತದೆ. ಇವೆರಡಕ್ಕೂ ಸೋಲದ ಗಟ್ಟಿಗನನ್ನು ಸೋಲಿಸುವುದಕ್ಕೆ ಜೂನ್ ತಿಂಗಳಿನಲ್ಲಿ ಮಳೆ ಬಂದು ಕೂರುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲು, ಕಾಲ ಕೆಳಗೆ ಜಾರುವ ಕೆಂಪು ಮಣ್ಣು: ಇಂಥ ಸರ್ಕಸ್ಸನ್ನು ಕಲಿಯುವುದಕ್ಕಿಂತ ನಡೆದು ಹೋಗುವುದೇ ಲೇಸೆಂದು ತೀರ್ಮಾನಿಸಿದವರು ಆ ಸೀಮೆಯಲ್ಲಿ ಬಹಳ ಮಂದಿ.

ಶೃಂಗೇರಿಯ ನೆರೆಯ ಮೆಣಸೆಯ ಹುಡುಗಿಯೊಬ್ಬಳು ಇಪ್ಪತ್ತಮೂರು ತುಂಬಿದರೂ ಬೈಸಿಕಲ್ಲು ಕಲಿಯದೆ ಉಳಿದದ್ದರಲ್ಲಿ ಆದ್ದರಿಂದ ಆಶ್ಚರ್ಯವೇನೂ ಇಲ್ಲ. ಅವಳಿಗೊಂದು ಬೈಸಿಕಲ್ಲು ಸಿಕ್ಕಬಹುದಾಗಿತ್ತು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ಮುಂದೆ ಹಲವು ವರ್ಷಗಳ ಕಾಲ ನಾಡಿನ ಶಾಲೆಗಳ ಅಂಗಳಗಳಲ್ಲಿ ಒಂದೇ ಬಣ್ಣದ, ಒಂದೇ ಅಳತೆಯ ಬೈಸಿಕಲ್ಲುಗಳು ಸಾಲಾಗಿ ನಿಂತು ನೋಟಕ್ಕೆ ಹಬ್ಬವಾಗಿದ್ದವು. ಆದರೆ ಹಾಸ್ಟೆಲಿನಲ್ಲಿದ್ದು ಓದುವವರಿಗೂ ಬಸ್ಸಿನ ಪಾಸು ಪಡೆದವರಿಗೂ ಆ ಭಾಗ್ಯವಿರಲಿಲ್ಲ. ಈ ಹುಡುಗಿ ಹಾಸ್ಟೆಲಿನವಳು. ಗೆಳತಿಯರು ರಜೆಯಲ್ಲಿ ಬೈಸಿಕಲ್ಲು ಕಲಿತು ಮೊಣಕಾಲು ತರಚಿಕೊಂಡು ಬಂದಾಗ ಅವಳಿಗೆ ಆ ಗಾಯದ ಮೇಲೆಯೇ ಅಸೂಯೆಯಾಯಿತಂತೆ. ಅಸೂಯೆ ಒಂದು ಮಳೆಗಾಲ ಕಳೆಯುವುದರೊಳಗೆ ಮರೆತುಹೋಯಿತು. ಓದು ನಡೆಯಿತು. ಮೆಣಸೆಯಲ್ಲಿಯೇ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವಗಾಂಧಿ ಆವರಣವಿದೆಯಷ್ಟೆ. ಮನೆಯಿಂದ ನಡೆದುಹೋಗಿ ಸಂಸ್ಕೃತದಲ್ಲಿ ಪದವಿ ಪಡೆಯುವ ಅನುಕೂಲ ಎಷ್ಟು ಜನಕ್ಕೆ ಉಂಟು?

ಆ ಸಂಸ್ಕೃತವೇ ಅವಳನ್ನು 2023ರ ಆಗಸ್ಟಿನಲ್ಲಿ ಹಾಲೆಂಡಿನ ಲೈಡನ್ನಿಗೆ ಕೊಂಡೊಯ್ದಿತು. ಸಂಸ್ಕೃತ ಕಲಿಯಲು ಶೃಂಗೇರಿಯನ್ನು ಬಿಟ್ಟು ಹಾಲೆಂಡಿಗೆ ಹೋಗುವುದೇ ಎಂದು ನೆಂಟರಿಷ್ಟರಲ್ಲಿ ಕೆಲವರು ನಕ್ಕರು. ನಗುವವರಿಗೆ ತಿಳಿಯದ ಸಂಗತಿಯೊಂದಿದೆ. 1575ರಲ್ಲಿ ಸ್ಥಾಪಿತವಾದ ಲೈಡನ್ ವಿಶ್ವವಿದ್ಯಾಲಯದಲ್ಲಿ ಹೆಂಡ್ರಿಕ್ ಕರ್ನ್ ಎಂಬ ವಿದ್ವಾಂಸ 1865ರಷ್ಟು ಹಿಂದೆಯೇ ಸಂಸ್ಕೃತದ ಪ್ರಾಧ್ಯಾಪಕನಾಗಿ ಕುಳಿತವನು. ಅಂದಿನಿಂದ ಇಂದಿನವರೆಗೆ ಅಲ್ಲಿ ಭಾರತವಿದ್ಯೆಯ ಅಭ್ಯಾಸ ನಡೆದುಬಂದಿದೆ. ಹುಡುಗಿಗೆ ಅರೆವಾಸಿ ವಿದ್ಯಾರ್ಥಿವೇತನ ದೊರೆತಿತ್ತು. ಉಳಿದರ್ಧಕ್ಕೆ ತಂದೆ ಅಡಿಕೆ ತೋಟದ ಆಧಾರದ ಮೇಲೆ ಸಾಲ ತೆಗೆದಿದ್ದರು. ಹಳದಿ ಎಲೆ ರೋಗ ದಶಕಗಳಿಂದ ತಿಂದು ಉಳಿಸಿದ ತೋಟ, ಅದರ ಮೇಲೆ ಈಚೆಗೆ ಎಲೆಚುಕ್ಕಿ ರೋಗದ ಕಾಟ ಬೇರೆ. ಅಂಥ ತೋಟದ ಮೇಲೆ ಹುಟ್ಟಿದ ಹಣ ಕೈಯಲ್ಲಿದ್ದಾಗ ಕಾಫಿ ಕುಡಿಯುವುದಕ್ಕೂ ಮನಸ್ಸು ಹಿಂಜರಿಯುತ್ತದೆ.

ಕೋಣೆ ಸಿಕ್ಕಿದ್ದು ಊರ ಹೊರಗೆ. ಪಾಠಗಳು ನಡೆಯುವುದು ವಿಟ್ಟೆ ಸಿಂಗೆಲ್ ಎಂಬ ಕಾಲುವೆಯ ದಂಡೆಯಲ್ಲಿ. ನಡುವೆ ಐದು ಕಿಲೋಮೀಟರು. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಸುಮಾರು 5 ಯೂರೋ. ತಿಂಗಳಿಗೆ ಇಪ್ಪತ್ತು ದಿನವೆಂದರೂ 100 ಯೂರೋ. ಆಗ ಒಂದು ಯೂರೋಗೆ ನಮ್ಮ 90 ರೂಪಾಯಿಯ ಆಸುಪಾಸು. ಪರದೇಶಕ್ಕೆ ಹೊಸದಾಗಿ ಹೋದವರಿಗೆ ಈ ಗುಣಾಕಾರದ ಜ್ವರ ಬರುವುದುಂಟು. ಕೆಲವರಿಗೆ ಮೂರು ತಿಂಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಜನ್ಮಪರ್ಯಂತ ಇಳಿಯುವುದಿಲ್ಲ. ಇವಳದು ಇಮ್ಮಡಿ ಜ್ವರ. ಯೂರೋವನ್ನು ರೂಪಾಯಿಗೆ ತಿರುಗಿಸಿ ರೂಪಾಯಿಯನ್ನು ಮತ್ತೆ ಅಡಿಕೆಗೆ ತಿರುಗಿಸುತ್ತಿದ್ದಳು. ತಿಂಗಳ ಬಸ್ಸಿನ ಹಣವೆಂದರೆ 9,000 ರೂಪಾಯಿ, ಅಂದಿನ ಧಾರಣೆಯಲ್ಲಿ ಹದಿನೆಂಟು ಕಿಲೋ ರಾಶಿ ಅಡಿಕೆ. ಹದಿನೆಂಟು ಕಿಲೋ ಅಡಿಕೆಯನ್ನು ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ಶ್ರಮ ಎಷ್ಟೆಂಬುದು ಬೇಸಗೆ ರಜೆಗಳನ್ನು ಅಂಗಳದಲ್ಲಿ ಅಡಿಕೆ ಕಾಯುತ್ತ ಕಳೆದವಳಿಗೆ ಗೊತ್ತು. ಬೈಸಿಕಲ್ಲು ಕೊಳ್ಳದೆ ವಿಧಿಯಿಲ್ಲವೆಂದು ತೀರ್ಮಾನವಾದದ್ದು ಹೀಗೆ. ಒಂದು ಲಕ್ಕೋಟೆಯೊಳಗೆ 100 ಯೂರೋ ತೆಗೆದಿರಿಸಿದಳು. ಅದರ ಮೇಲೆ ಒಂದು ಕಾಸೂ ಇಲ್ಲ.

ಹಾಲೆಂಡಿನ ಜನಸಂಖ್ಯೆ ಸುಮಾರು ಒಂದು ಕೋಟಿ ಎಂಬತ್ತು ಲಕ್ಷ. ಬೈಸಿಕಲ್ಲುಗಳ ಸಂಖ್ಯೆ ಎರಡು ಕೋಟಿ ಮೂವತ್ತು ಲಕ್ಷದ ಹತ್ತಿರ. ಮನುಷ್ಯರಿಗಿಂತ ಬೈಸಿಕಲ್ಲು ಹೆಚ್ಚಿರುವ ದೇಶದಲ್ಲಿ ಒಂದು ಹಳೆಯ ಬೈಸಿಕಲ್ಲು ದೊರೆಯುವುದು ಎಷ್ಟರ ಕೆಲಸ ಎಂದು ತೋರಬಹುದು. ಅಂಗಡಿಯ ಗಾಜಿನ ಹಿಂದೆ ನಿಂತ ಹೊಸ ಬೈಸಿಕಲ್ಲುಗಳ ಬೆಲೆಚೀಟಿ 600, 800 ಎಂದು ಹೇಳುತ್ತಿದ್ದವು. ವಿದ್ಯುತ್ತಿನಿಂದ ಓಡುವವು 2,000 ದಾಟಿದ್ದವು. ಅಷ್ಟು ಹಣಕ್ಕೆ ಶೃಂಗೇರಿಯಲ್ಲಿ ಮೋಟಾರು ಬೈಕು ಬಂದೀತು, ಕೊನೆಗೆ ಸ್ವಲ್ಪ ಚಿಲ್ಲರೆಯೂ ಉಳಿದೀತು. ಬಾಡಿಗೆಯ ಏರ್ಪಾಡೊಂದಿತ್ತು: 2014ರಲ್ಲಿ ಡೆಲ್ಫ್ಟ್ ಊರಿನ ವಿದ್ಯಾರ್ಥಿಗಳು ಹುಟ್ಟುಹಾಕಿದ ಸ್ವಾಪ್‌ಫೀಟ್ಸ್ ಎಂಬ ಸಂಸ್ಥೆ. ಮುಂದಿನ ಚಕ್ರಕ್ಕೆ ನೀಲಿ ಟೈರು ಹಾಕಿದ ಅವರ ಬೈಸಿಕಲ್ಲು ತಿಂಗಳಿಗೆ 20 ಯೂರೋ ಸುಮಾರಿಗೆ ದೊರೆಯುತ್ತಿತ್ತು. ಕೆಟ್ಟರೆ ಅವರೇ ಬಂದು ರಿಪೇರಿ ಮಾಡುತ್ತಾರೆ. ಒಳ್ಳೆಯ ಏರ್ಪಾಡೇ ಸರಿ. ಆದರೆ ವರ್ಷಕ್ಕೆ 240 ಯೂರೋ ಕೊಟ್ಟು ಕೊನೆಗೆ ಬರಿಗೈಯಲ್ಲಿ ನಿಲ್ಲುವುದು ತೋಟದ ಮನೆಯ ಲೆಕ್ಕಕ್ಕೆ ಒಗ್ಗಲಿಲ್ಲ. ಗೇಣಿಯ ಜಮೀನಿಗೂ ಸ್ವಂತ ಜಮೀನಿಗೂ ಇರುವ ವ್ಯತ್ಯಾಸವನ್ನು ಮಲೆನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ದಾರಿಯೊಂದು ತಾನಾಗಿಯೇ ಎದುರಿಗೆ ಬಂತು. ಸೆಪ್ಟೆಂಬರಿನ ಒಂದು ಸಂಜೆ, ಕತ್ತಲೆ ಕವಿದ ಮೇಲೆ, ಸೇತುವೆಯ ಬಳಿ ಒಬ್ಬಾತ ಬೈಸಿಕಲ್ಲೊಂದನ್ನು ಹಿಡಿದು ನಿಂತಿದ್ದನು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹದಿನೈದು ಯೂರೋ ಎಂದನು. ಗಾಡಿ ಚೆನ್ನಾಗಿಯೇ ಇತ್ತು. ಬೆಲ್ಲು, ದೀಪ, ಮಕ್ಕಳನ್ನು ಕೂಡಿಸುವ ಸಣ್ಣ ಆಸನ ಕೂಡ ಇತ್ತು. ಆ ಆಸನವೇ ಅವಳನ್ನು ತಡೆದದ್ದು. ಯಾವುದೋ ಮನೆಯ ತಾಯಿ ಬೆಳಗಾದರೆ ಮಗುವನ್ನು ಶಾಲೆಗೆ ಹೇಗೆ ಒಯ್ಯುತ್ತಾಳೆ? ಆದರೂ ಹದಿನೈದು ಎಂಬ ಅಂಕಿ ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಹದಿನೈದೆಂದರೆ ಮೂರು ಕಿಲೋ ಅಡಿಕೆಯೂ ಅಲ್ಲ! ಲಕ್ಕೋಟೆ ಚೀಲದಲ್ಲಿಯೇ ಇತ್ತು. ಬಡತನವೆಂಬುದು ಒಂದೆರಡು ನಿಮಿಷಗಳ ಮಟ್ಟಿಗೆ ಎಂಥವರನ್ನೂ ಲೆಕ್ಕಿಗರನ್ನಾಗಿ ಮಾಡುತ್ತದೆ. ಅವಳೂ ಅಷ್ಟು ಹೊತ್ತು ನಿಂತಳು. ಬಳಿಕ ತಲೆಯಲ್ಲಾಡಿಸಿ ನಡೆದುಬಿಟ್ಟಳು.

ಈ ಬಗೆಯ ವ್ಯಾಪಾರಕ್ಕೆ ನಮ್ಮ ಧರ್ಮಶಾಸ್ತ್ರದಲ್ಲಿ ಅಸ್ವಾಮಿವಿಕ್ರಯವೆಂದು ಹೆಸರು. ಒಡೆಯನಲ್ಲದವನು ಮಾಡುವ ಮಾರಾಟ ಎಂದರ್ಥ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೊಂದು ಪ್ರಕರಣವೇ ಇದೆ. ಅಂಥ ವಸ್ತುವನ್ನು ಸಂಪಾದಿಸುವ ದಾರಿಯಿಲ್ಲದವನಿಂದ, ಗುಟ್ಟಾಗಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ಎಣಿಸಬೇಕೆಂದು ಅಲ್ಲಿಯ ವಿಧಿ. ಸೇತುವೆಯ ಮೇಲಿನ ಆಸಾಮಿಯಲ್ಲಿ ಈ ನಾಲ್ಕು ಲಕ್ಷಣಗಳೂ ಒಟ್ಟಿಗೇ ಕೂಡಿದ್ದವು. ಶಾಸ್ತ್ರಕ್ಕೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ಸಿಕ್ಕುವುದು ಅಪರೂಪ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಎಂದರೆ ನಮ್ಮ ಬಸವಕಲ್ಯಾಣದವನು. ಹಾಲೆಂಡಿನ ದಂಡಸಂಹಿತೆಯೂ ಇದೇ ಮಾತನ್ನು ಹೇಳುತ್ತದೆ: ಕದ್ದ ಮಾಲೆಂದು ತಿಳಿದು ಕೊಂಡರೆ ಅಪರಾಧ, ತಿಳಿಯದಿದ್ದರೂ, ಬೆಲೆ ಮುಂತಾದವನ್ನು ನೋಡಿ ಅನುಮಾನಿಸಬೇಕಾಗಿತ್ತು ಎನ್ನುವಂತಿದ್ದರೆ ಅದೂ ಅಪರಾಧ. ಶಾಸ್ತ್ರ ಓದಿದವರೆಲ್ಲ ಶಾಸ್ತ್ರದಂತೆ ನಡೆಯುತ್ತಾರೆಂದಲ್ಲ. ಕೈಯಲ್ಲಿ ವಿದ್ಯಾರ್ಥಿಯ ವೀಸಾ ಇದ್ದಾಗ ಶಾಸ್ತ್ರದ ಜೊತೆಗೆ ಭಯವೂ ಸೇರಿ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತದೆ. ಪಕ್ಕದ ಕೋಣೆಯ ವಿದ್ಯಾರ್ಥಿನಿಯೊಬ್ಬಳು ಇಂಥದೇ ಬೈಸಿಕಲ್ಲನ್ನು 20 ಯೂರೋಗೆ ಕೊಂಡಿದ್ದಳು. ಎಂಟು ದಿನದೊಳಗೆ ಅದು ಮತ್ತೆ ಕಳುವಾಯಿತು. ಕದ್ದವನೇ ಮತ್ತೆ ಕದ್ದು ಮತ್ತೊಬ್ಬರಿಗೆ ಮಾರಿದನೋ ಏನೋ. ಪೊಲೀಸರಿಗೆ ದೂರು ಕೊಡುವ ಧೈರ್ಯ ಅವಳಿಗೆಲ್ಲಿಯದು?

ಊರಿಗೆ ಫೋನು ಮಾಡಿದಾಗ ತಂದೆ ಎಲ್ಲವನ್ನೂ ಕೇಳಿಕೊಂಡರು. ತಾವು ಹುಡುಗರಾಗಿದ್ದಾಗ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವರು ಅವರು.

“ಹಳೇದಾದ್ರೂ ಅಡ್ಡಿಲ್ಲ ಪುಟ್ಟಿ, ಚೌಕಟ್ಟು ಬಾಗಿದ್ಯಾ ನೋಡು. ಚಕ್ರ ತಿರುಗಿಸಿ ಬಿಡು, ಓಲಾಡಬಾರದು. ಬ್ರೇಕ್ ಮಾತ್ರ ಸರಿ ಇರಬೇಕು ಮಾರಾಯ್ತಿ.”

“ಇಲ್ಲಿ ಕೈಬ್ರೇಕೇ ಇಲ್ಲ ಅಪ್ಪಯ್ಯ. ಪೆಡಲು ಹಿಂದಕ್ಕೆ ತುಳಿದರೆ ಅದೇ ಬ್ರೇಕಂತೆ.”

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಂಗಾದ್ರೆ ಅದು ಯಾವ ನಮೂನೆ ಸೈಕಲ್ಲು?” ಎಂದು ಕೇಳಿದರು.

ಆ ನಮೂನೆಗೆ ಅಲ್ಲಿಯವರು ಓಮಾಫೀಟ್ಸ್ ಎನ್ನುತ್ತಾರೆ; ಅಜ್ಜಿಯ ಬೈಸಿಕಲ್ಲು ಎಂದರ್ಥ. ಬಾಗಿದ ಕೊಳವೆ, ಅಡ್ಡಬಾರಿಲ್ಲದ ಚೌಕಟ್ಟು, ನೆಟ್ಟಗೆ ಕೂಡಿಸುವ ಎತ್ತರದ ಹ್ಯಾಂಡಲು, ಚೈನಿಗೆ ಪೂರಾ ಮುಚ್ಚುಡಿಗೆ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರಕ್ಕೆ ಹೊದಿಕೆ. ಸೀರೆಯುಟ್ಟವರಿಗೆಂದೇ ಮಾಡಿದಂತಿರುವ ಈ ವಾಹನ ನಮ್ಮ ಊರುಗಳಿಗೆ ಏಕೆ ಬರಲಿಲ್ಲವೋ ತಿಳಿಯದು. ಲೈಡನ್ನಿಗೆ ಅಂಟಿಕೊಂಡ ಊಖ್‌ಸ್ಟ್‌ಖೇಸ್ಟ್ ಎಂಬ ಸಣ್ಣ ಊರಿನಲ್ಲಿ ಅಕ್ಷರಶಃ ಒಬ್ಬ ಅಜ್ಜಿಯೇ ತನ್ನ ಬೈಸಿಕಲ್ಲನ್ನು ಮಾರುತ್ತಿದ್ದಳು. ಮಂಡಿಯ ಶಸ್ತ್ರಚಿಕಿತ್ಸೆಯ ಬಳಿಕ ತುಳಿಯಲಾಗದೆ ಅದು ಕೊಟ್ಟಿಗೆ ಸೇರಿತ್ತು. ಹೇಳಿದ ಬೆಲೆ 110. ಹುಡುಗಿ ಮೆಣಸೆಯ ಸಂಪ್ರದಾಯಕ್ಕೆ ಕುಂದು ಬಾರದಂತೆ 60 ಎಂದಳು. ಅಜ್ಜಿ ನಕ್ಕು ಕಾಫಿ ಮಾಡಿಟ್ಟಳು, ಒಂದು ಬಿಸ್ಕತ್ತು ಕೊಟ್ಟಳು, 100 ಎಂದಳು. ಎರಡನೆಯ ಬಟ್ಟಲು ಕಾಫಿಯ ಹೊತ್ತಿಗೆ 85ಕ್ಕೆ ಇತ್ಯರ್ಥವಾಯಿತು. ಮೇಲೆ ಗಾಳಿ ಹೊಡೆಯುವ ಒಂದು ಪಂಪು. ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯನ್ನು ಕಳುವಾದ ಬೈಸಿಕಲ್ಲುಗಳ ಸರ್ಕಾರಿ ಪಟ್ಟಿಯಲ್ಲಿ ನೋಡುವ ಅನುಕೂಲ ಅಲ್ಲಿ ಉಂಟು. ಹುಡುಗಿ ಅಜ್ಜಿಯ ಎದುರಿಗೇ ನೋಡಿದಳು. ನೋಡುವಾಗ ನಾಚಿಕೆಯೂ ಆಯಿತು. ಅಜ್ಜಿ ಬೇಸರಪಡಲಿಲ್ಲ. ತಾನೇ ಆ ಸಂಖ್ಯೆಯನ್ನು ಹಾಕಿ, ದಿನಾಂಕ ಬರೆದು, ಸಹಿ ಮಾಡಿ ರಸೀದಿ ಕೊಟ್ಟಳು. ಆ ಮೇಲೆ ಒಂದು ಸುತ್ತು ತುಳಿದು ತೋರಿಸೆಂದಳು.

ಆಗ ನಿಜ ಹೇಳಬೇಕಾಯಿತು. ತುಳಿಯಲು ಬಾರದು ಎಂಬ ಮಾತು ಅಜ್ಜಿಗೆ ಮೊದಲು ಅರ್ಥವೇ ಆಗಲಿಲ್ಲ. ನಾಲ್ಕು ವರ್ಷದ ಮಗು ಬೈಸಿಕಲ್ಲು ತುಳಿಯುವ ದೇಶ ಅದು; ನಡೆಯಲು ಬಾರದೆಂದು ಯಾರಾದರೂ ಹೇಳಿದರೆ ನಾವು ಹೇಗೆ ನೋಡಿಯೇವೋ ಹಾಗೆ ನೋಡಿದಳು. ಹುಡುಗಿ ಬೈಸಿಕಲ್ಲನ್ನು ತಳ್ಳಿಕೊಂಡು ಹೊರಟಳು. ದಾರಿ ನಾಲ್ಕು ಕಿಲೋಮೀಟರು, ಚಪ್ಪಟೆಯಾದದ್ದು, ಒಂದು ಏರಿಲ್ಲ. ಟೈರಿನಲ್ಲಿ ಗಾಳಿಯಿತ್ತು, ಚೈನು ಸರಿಯಾಗಿತ್ತು. ಇಂಥ ದಾರಿಯಲ್ಲಿ ಇಂಥ ಬೈಸಿಕಲ್ಲನ್ನು ತಳ್ಳಿಕೊಂಡು ಹೋಗುವವಳನ್ನು ಕಂಡು ಇಬ್ಬರು ನಿಂತು ಪಂಕ್ಚರೇ ಎಂದು ವಿಚಾರಿಸಿದರು. ಮೊದಲನೆಯವರಿಗೆ ಇಲ್ಲವೆಂದು ಹೇಳಿ ವಿವರಿಸಬೇಕಾಯಿತು, ಎರಡನೆಯವರಿಗೆ ಹೌದೆಂದುಬಿಟ್ಟಳು.

ಆ ಚಪ್ಪಟೆ ದಾರಿಗಳನ್ನು ದೇವರು ಕೊಟ್ಟನೆಂದು ಯಾರಾದರೂ ತಿಳಿದರೆ ಅದು ಅರ್ಧ ಸತ್ಯ. ನೆಲ ಚಪ್ಪಟೆಯೆಂಬುದೇನೋ ನಿಜ. ಆದರೆ ಬೈಸಿಕಲ್ಲಿಗೆ ಪ್ರತ್ಯೇಕ ದಾರಿ ಬಂದದ್ದು ಜಗಳದಿಂದ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜರ್ಮನ್ ಸೈನ್ಯ ಡಚ್ಚರ ಬೈಸಿಕಲ್ಲುಗಳನ್ನು ಕಿತ್ತುಕೊಂಡಿತು. ಬಹುಕಾಲದ ಬಳಿಕವೂ ಫುಟ್‌ಬಾಲ್ ಪಂದ್ಯಗಳಲ್ಲಿ ಜರ್ಮನರನ್ನು ಕಂಡರೆ ನಮ್ಮ ಬೈಸಿಕಲ್ಲು ಹಿಂದಕ್ಕೆ ಕೊಡಿರೆಂದು ಕೂಗುವ ರೂಢಿ ಅವರಲ್ಲಿತ್ತು. ಯುದ್ಧ ಮುಗಿದು ಹಣ ಬಂದಾಗ ಅವರೂ ಎಲ್ಲರಂತೆ ಮೋಟಾರು ಕಾರಿಗೆ ಮರುಳಾದರು. 1971ರ ಒಂದೇ ವರ್ಷದಲ್ಲಿ ಅಲ್ಲಿಯ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಂದಿರೂ ತಂದೆಯರೂ ಬೀದಿಗಿಳಿದು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಕೂಗಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದು ಭಾನುವಾರಗಳಂದು ಕಾರು ಓಡಿಸಬಾರದೆಂದಾಯಿತು. ಈ ಎರಡರ ನಡುವೆ ಸರ್ಕಾರಕ್ಕೆ ಬುದ್ಧಿ ಬಂತು. ನಮ್ಮಲ್ಲಿ ಅದೇ ದಶಕಗಳಲ್ಲಿ ಬೈಸಿಕಲ್ಲಿಗೆ ಲೈಸೆನ್ಸು ಬೇಕಾಗಿತ್ತು, ತೆರಿಗೆ ಕಟ್ಟಿ ಲೋಹದ ಬಿಲ್ಲೆ ಪಡೆಯಬೇಕಾಗಿತ್ತು, ದೀಪವಿಲ್ಲದೆ ಹೋದರೆ ಪೊಲೀಸಿನವನು ಗಾಳಿ ಬಿಡುತ್ತಿದ್ದನು. ದಾರಿ ಮಾತ್ರ ಇರಲಿಲ್ಲ.

ಬೈಸಿಕಲ್ಲು ಹತ್ತು ದಿನ ಕೋಣೆಯ ಕಿಟಕಿಯ ಕೆಳಗೆ ಸುಮ್ಮನೆ ನಿಂತಿತು. ಹುಡುಗಿ ಬಸ್ಸಿನಲ್ಲಿಯೇ ಓಡಾಡಿದಳು. ಸ್ವಂತ ವಾಹನವನ್ನು ಮನೆಯಲ್ಲಿ ಬಿಟ್ಟು ಬಸ್ಸಿಗೆ ದುಡ್ಡು ಕೊಡುವ ಸಂಕಟ ಅನುಭವಿಸಿದವರಿಗೇ ಗೊತ್ತು. ಕೊನೆಗೆ ಯಾರೋ ಹೇಳಿದರು: ವಲಸೆ ಬಂದ ಹೆಂಗಸರಿಗೆ ಬೈಸಿಕಲ್ಲು ಕಲಿಸುವ ತರಗತಿಗಳು ಅಲ್ಲಿ ಊರೂರಿನಲ್ಲಿ ನಡೆಯುತ್ತವೆ, ಕಲಿಸುವವರು ಬಹುತೇಕ ಸ್ವಯಂಸೇವಕರು. ಸಣ್ಣದೊಂದು ಶುಲ್ಕ ಕೊಟ್ಟು ಸೇರಿದಳು. ಮೊರಾಕೋದ ಇಬ್ಬರು, ತುರ್ಕಿಯ ಒಬ್ಬಳು, ಸಿರಿಯಾದ ಒಬ್ಬಳು, ಎಲ್ಲರೂ ನಲವತ್ತು ದಾಟಿದವರು. ಕಲಿಸುವಾಕೆ ಸುರಿನಾಮಿನ ಹಿಂದೂಸ್ತಾನಿ ಮನೆತನದವಳು. 1873ರಲ್ಲಿ ಲಲ್ಲಾ ರೂಖ್ ಎಂಬ ಹಡಗು ಕಲ್ಕತ್ತೆಯಿಂದ ಕೂಲಿಯವರನ್ನು ತುಂಬಿಕೊಂಡು ದಕ್ಷಿಣ ಅಮೆರಿಕದ ಆ ಡಚ್ ವಸಾಹತಿಗೆ ಹೋಯಿತು. ಅದರ ಹಿಂದೆ ಹೋದ ಎಷ್ಟೋ ಹಡಗುಗಳಲ್ಲೊಂದರಲ್ಲಿ ಆಕೆಯ ಮುತ್ತಜ್ಜ ಇದ್ದನಂತೆ. ಆಕೆ ಆಡುವ ಸರ್ನಾಮಿ ಭಾಷೆಗೂ ಇವಳು ಶಾಲೆಯಲ್ಲಿ ಕಲಿತ ಹಿಂದಿಗೂ ದೂರದ ನಂಟು. ಆ ನಂಟಿನ ಬಲದ ಮೇಲೆ ಆಕೆ ಇವಳನ್ನು ಬೇಟಿ ಎಂದು ಕರೆದು, ಉಳಿದವರಿಗಿಂತ ಹೆಚ್ಚು ಬೈದಳು.

ಸೀಟನ್ನು ತಗ್ಗಿಸಿ, ಪೆಡಲು ತುಳಿಯದೆ, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗುವುದು ಮೊದಲ ಪಾಠ. ನೆಲ ನೋಡಬೇಡ, ಮುಂದೆ ನೋಡು ಎಂಬುದು ಎರಡನೆಯದು. ಎರಡನೆಯದೇ ಕಷ್ಟ. ಮಲೆನಾಡಿನಲ್ಲಿ ಬೆಳೆದವರಿಗೆ ನೆಲ ನೋಡಿ ನಡೆಯುವುದು ಹುಟ್ಟುಗುಣ. ಅಲ್ಲಿ ಜಾರುವ ಪಾಚಿಯುಂಟು, ಉಂಬಳವುಂಟು, ಒಮ್ಮೊಮ್ಮೆ ಹಾವೂ ಉಂಟು. ಮೂರನೆಯ ವಾರ ಸಮತೋಲ ಸಿಕ್ಕಿತು. ಸಿಕ್ಕಿದ ಸಂತೋಷದಲ್ಲಿ ಬ್ರೇಕು ಮರೆತು, ಗಾಬರಿಯಿಂದ ಇಲ್ಲದ ಕೈಬ್ರೇಕನ್ನು ಹಿಂಡುತ್ತ ಹೋಗಿ ಬೇಲಿಗೆ ಬಿದ್ದಳು. ಮೊಣಕಾಲು ತರಚಿತು. ಹತ್ತು ವರ್ಷ ತಡವಾಗಿ ಬಂದ ಆ ಗಾಯದ ಚಿತ್ರವನ್ನು ಅದೇ ರಾತ್ರಿ ಹಳೆಯ ಗೆಳತಿಯರಿಗೆಲ್ಲ ಕಳುಹಿಸಿದಳು.

ಅಕ್ಟೋಬರ್ ಕೊನೆಯ ಹೊತ್ತಿಗೆ ತರಗತಿಗೆ ತಾನೇ ತುಳಿದುಕೊಂಡು ಹೋಗತೊಡಗಿದಳು. ಲೈಡನ್ನಿನ ಕಾಲುವೆಗಳ ಮೇಲಿನ ಸೇತುವೆಗಳು ನಡುವೆ ತುಸು ಉಬ್ಬಿರುತ್ತವೆ. ಅಲ್ಲಿಯವರು ಅದನ್ನು ಏರೆಂದು ಕರೆದು ಏದುಸಿರು ಬಿಡುವುದನ್ನು ಕಂಡು ನಗು ಬರುತ್ತಿತ್ತು. ಆ ನಗು ನವೆಂಬರಿನ ತನಕ. ಸಮುದ್ರ ಹತ್ತಿರ; ಅಲ್ಲಿಂದ ಬೀಸುವ ಗಾಳಿಯೇ ಆ ದೇಶದ ಘಾಟಿ. ನಮ್ಮ ಘಾಟಿಯಲ್ಲಿ ಹತ್ತಿದಷ್ಟು ಇಳಿಯುವುದೂ ಇದೆ. ಗಾಳಿಯಾದರೋ ಬೆಳಗ್ಗೆ ಹೋಗುವಾಗ ಎದುರಿಗಿದ್ದು ಸಂಜೆ ಬರುವಾಗಲೂ ದಿಕ್ಕು ಬದಲಿಸಿ ಎದುರಿಗೇ ನಿಲ್ಲುತ್ತದೆ. ನವೆಂಬರ್ 2ರಂದು ಸಿಯಾರಾನ್ ಎಂಬ ಬಿರುಗಾಳಿ ಬಂದಾಗ ನಿಲ್ದಾಣದ ಮುಂದಿನ ಬೈಸಿಕಲ್ಲುಗಳು ಸಾಲಾಗಿ ಒಂದರ ಮೇಲೊಂದು ಒರಗಿದವು. ತನ್ನದನ್ನು ಆ ರಾಶಿಯೊಳಗಿಂದ ಬಿಡಿಸಿಕೊಳ್ಳುವುದಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಿಂದ ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಬೈಸಿಕಲ್ಲುಗಳನ್ನು ಎತ್ತಿ ತೆಗೆಯುತ್ತಾರೆಂಬುದನ್ನು ಕೇಳಿದ ಮೇಲೆ ಅವಳು ತನ್ನದನ್ನು ನೀರಿನ ಪಕ್ಕದಲ್ಲಿ ನಿಲ್ಲಿಸಲಿಲ್ಲ. ಕಳ್ಳರಿಗಾಗಿ 25 ಯೂರೋ ಕೊಟ್ಟು ಸರಪಳಿಯ ಬೀಗವನ್ನು ತಂದಳು. ಲಕ್ಕೋಟೆ ಮುರಿದದ್ದು ಆ ಬೀಗದಿಂದ.

ಲೈಡನ್ನಿನ ಓದು ಒಂದು ವರ್ಷದ್ದು. 2024ರ ಆಗಸ್ಟಿನಲ್ಲಿ ಹೊರಡುವ ಮೊದಲು ಲೆಕ್ಕ ಹಾಕಿದಳು. ಬೈಸಿಕಲ್ಲಿಗೆ 85, ಬೀಗಕ್ಕೆ 25, ದೀಪಕ್ಕೆ 10, ಕಲಿಕೆಗೆ 20, ರಿಪೇರಿಗೆ 15, ಒಟ್ಟು 155. ಹೊಸದಾಗಿ ಬಂದ ವಿದ್ಯಾರ್ಥಿಯೊಬ್ಬನಿಗೆ ಬೀಗಸಮೇತ 65ಕ್ಕೆ ಮಾರಿದ್ದರಿಂದ ನಿವ್ವಳ ಖರ್ಚು 90. ಒಂದು ತಿಂಗಳ ಬಸ್ಸಿನ ಹಣಕ್ಕಿಂತ ಕಡಿಮೆ. ಅಡಿಕೆಯ ಲೆಕ್ಕವನ್ನು ತಂದೆಗೆ ಫೋನಿನಲ್ಲಿ ಹೇಳಿದಾಗ ಅವರು, “ಅಷ್ಟಕ್ಕೇ ಮಾರಿದ್ಯಾ? ಇನ್ನೈದು ಕೇಳಬಹುದಿತ್ತು” ಎಂದರು.

ಕೊಂಡವನಿಗೆ ಅಜ್ಜಿಯ ರಸೀದಿಯನ್ನೇ ಕೊಟ್ಟಳು. ಅದರ ಹಿಂಬದಿಯಲ್ಲಿ ತನ್ನ ಹೆಸರು, ದಿನಾಂಕ, ಬೆಲೆ ಬರೆದು ಸಹಿ ಹಾಕಿದಳು. ಬೀಗದ ಎರಡು ಕೀಲಿಕೈಗಳಲ್ಲಿ ಒಂದು ಮಾತ್ರ ಆಗ ಕೈಗೆ ಸಿಕ್ಕಿತು. ಇನ್ನೊಂದು ಮೆಣಸೆಗೆ ಬಂದ ಪೆಟ್ಟಿಗೆಯನ್ನು ಬಿಚ್ಚುವಾಗ ಸ್ವೆಟರಿನ ಜೇಬಿನಲ್ಲಿ ದೊರೆಯಿತು. ತಂದೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೊಟ್ಟಿಗೆಯ ಕೀಲಿಕೈ ತೂಗುವ ಮೊಳೆಗೆ ಸಿಕ್ಕಿಸಿದರು.